ಬೈದವರ ಬೆರಳು ಫ್ರೀಜರಿನಲ್ಲಿ

ಪಕ್ಕದ ಮನೆಯವನು ಚಾವಣಿಯ ಮೇಲೆ ಕೆಲಸದಲ್ಲಿದ್ದಾನೆ. ಇಂಟರ್‌ನೆಟ್‌ನಲ್ಲಿ ಅವನಿಂದ ಬೈಸಿಕೊಂಡಿದ್ದ ಫೆಮ್ಕೆ ಬೂಟ್ ಸದ್ದಿಲ್ಲದೆ ಹಿಂದಿನಿಂದ ಬಂದು ಅವನನ್ನು ಕೆಳಕ್ಕೆ ನೂಕುತ್ತಾಳೆ. ಅದುವರೆಗೂ ಕಟ್ಟಿಹೋಗಿದ್ದ ಅವಳ ಬರವಣಿಗೆ ಆಮೇಲೆ ಸರಾಗವಾಗಿ ಹರಿಯತೊಡಗುತ್ತದೆ. ‘ದಿ ಕಾಲಮ್ನಿಸ್ಟ್’ ಎಂಬ ಡಚ್ ಸಿನಿಮಾದ ಈ ದೃಶ್ಯ ನನ್ನ ತಲೆಯಿಂದ ಇನ್ನೂ ಇಳಿದಿಲ್ಲ. ಒಬ್ಬ ಮನುಷ್ಯ ಸತ್ತದ್ದನ್ನು ನೋಡಿ ‘ತಕ್ಕ ಶಾಸ್ತಿಯಾಯಿತು’ ಅನ್ನಿಸಿಬಿಟ್ಟಿತು. ಸಿನಿಮಾ ನಮ್ಮನ್ನು ಹಿಡಿಯುವುದೇ ಅಲ್ಲಿ.

2019ರ ಈ ಕರಾಳ ಹಾಸ್ಯಚಿತ್ರವನ್ನು ಬರೆದವರು ಡಾನ್ ವಿಂಡ್‌ಹಾರ್ಸ್ಟ್, ನಿರ್ದೇಶಿಸಿದವರು ಇವೋ ವಾನ್ ಆರ್ಟ್. ಅಂಕಣಕಾರ್ತಿ ಫೆಮ್ಕೆಯಾಗಿ ಕಾಟ್ಯಾ ಹೆರ್ಬರ್ಸ್ ನಟಿಸಿದ್ದಾರೆ. ಅವಳ ಅಂಕಣಗಳ ಕೆಳಗೆ ದಿನವೂ ಬೈಗುಳ, ಅತ್ಯಾಚಾರದ ಬೆದರಿಕೆ, ಕೊಲೆ ಬೆದರಿಕೆ. ಕಾಮೆಂಟ್ ಓದಬೇಡ ಎಂದು ಹೇಳುವವರೇ ಎಲ್ಲ. ಠಾಣೆಗೆ ಹೋದರೆ ಪೊಲೀಸರೂ ದೂರನ್ನು ಹಗುರವಾಗಿ ತಳ್ಳಿಹಾಕುತ್ತಾರೆ. ಕೊನೆಗೆ ಅವಳೇ ಬೈದವರ ವಿಳಾಸ ಹುಡುಕಿ ಹೊರಡುತ್ತಾಳೆ. ಇತ್ತ ಮಗಳು ಅನಾ ಶಾಲೆಯಲ್ಲಿ ವಾಕ್ ಸ್ವಾತಂತ್ರ್ಯದ ಪರ ಹೋರಾಡುತ್ತಿರುತ್ತಾಳೆ. ತಾಯಿ–ಮಗಳನ್ನು ಒಂದೇ ಸೂರಿನಡಿ ಇಟ್ಟದ್ದು ಚಿತ್ರಕಥೆಯ ಜಾಣ್ಮೆ.

ಕೊಂದವರ ಮಧ್ಯದ ಬೆರಳನ್ನು ಕತ್ತರಿಸಿ ತಂದು ಫೆಮ್ಕೆ ಫ್ರೀಜರಿನಲ್ಲಿ ಕೂಡಿಡುತ್ತಾಳೆ. ಈ ಬೆರಳಿನ ಬೆನ್ನು ಹತ್ತಿದರೆ ಎರಡು ಸಾವಿರ ವರ್ಷಕ್ಕೂ ಹಿಂದೆ ಹೋಗಬೇಕಾಗುತ್ತದೆ. ರೋಮನ್ನರು ಅದನ್ನು ನಾಚಿಕೆಗೆಟ್ಟ ಬೆರಳು ಎಂದೇ ಕರೆಯುತ್ತಿದ್ದರು. ಗ್ರೀಕ್ ನಾಟಕಕಾರ ಅರಿಸ್ಟೋಫನಿಸ್ ಅದನ್ನಿಟ್ಟುಕೊಂಡು ತನ್ನ ನಾಟಕದಲ್ಲಿ ನಗೆ ಉಕ್ಕಿಸಿದ್ದ. ವಾಗ್ಮಿ ಡೆಮಾಸ್ತನಿಸ್‌ನನ್ನು ನೋಡಬೇಕೆಂದು ಬಂದ ಪರವೂರಿನವರಿಗೆ ತತ್ತ್ವಜ್ಞಾನಿ ಡಯೋಜಿನಿಸ್ ಮಧ್ಯದ ಬೆರಳು ಚಾಚಿ, ಅಗೋ ನಿಮ್ಮ ಅಥೆನ್ಸ್‌ನ ಜನನಾಯಕ ಎಂದು ತೋರಿಸಿದನಂತೆ. ಡಯೋಜಿನಿಸ್ ಒರಟನೇ ಇರಬಹುದು, ಆದರೆ ಬೆರಳೆತ್ತಿದಾಗ ಅವನ ಮುಖವೂ ಜನರಿಗೆ ಕಾಣುತ್ತಿತ್ತು; ತಿರುಗಿ ಬೈಯುವವರು ಅಲ್ಲೇ ಬೈಯಬಹುದಿತ್ತು. ಟ್ರೋಲ್ ಮಾಡುವವನು ಬೆರಳನ್ನಷ್ಟೇ ಮುಂದೆ ಮಾಡಿ ಮುಖ ಮರೆಸಿಕೊಳ್ಳುತ್ತಾನೆ. ಫೆಮ್ಕೆ ಆ ಬೆರಳನ್ನೇ ಕಿತ್ತುಕೊಳ್ಳುವುದು ನನಗೆ ಬರೀ ಬೀಭತ್ಸವಾಗಿ ಕಾಣಲಿಲ್ಲ.

ಬೈದವರ ಮೇಲೆ ಸೇಡು ತೀರಿಸಿಕೊಳ್ಳುವ ಕಥೆ ಸಿನಿಮಾಕ್ಕೆ ಹೊಸದಲ್ಲ. 1973ರ ‘ಥಿಯೇಟರ್ ಆಫ್ ಬ್ಲಡ್’ನಲ್ಲಿ ವಿನ್ಸೆಂಟ್ ಪ್ರೈಸ್ ವಿಮರ್ಶಕರನ್ನು ಶೇಕ್ಸ್‌ಪಿಯರ್ ನಾಟಕಗಳ ಸಾವಿನ ಮಾದರಿಯಲ್ಲೇ ಕೊಲ್ಲುತ್ತಾನೆ. 2001ರಲ್ಲಿ ಕೆವಿನ್ ಸ್ಮಿತ್‌ರ ‘ಜೇ ಅಂಡ್ ಸೈಲೆಂಟ್ ಬಾಬ್ ಸ್ಟ್ರೈಕ್ ಬ್ಯಾಕ್’ ಚಿತ್ರದ ಜೋಡಿ ಇಂಟರ್‌ನೆಟ್‌ನಲ್ಲಿ ಬೈದವರ ಮನೆಮನೆಗೆ ಹೋಗಿ ಗುದ್ದಿ ಬರುತ್ತದೆ. ಆರ್. ಬಾಲ್ಕಿ ಅವರ ಹಿಂದಿ ಸಿನಿಮಾ ‘ಚುಪ್’ (2022) ಕೂಡ ಇದೇ ಜಾಡಿನದು. ಇವುಗಳಲ್ಲಿ ‘ದಿ ಕಾಲಮ್ನಿಸ್ಟ್’ ಹೆಚ್ಚು ನಾಟುವುದಕ್ಕೆ ಕಾರಣ, ಅದರ ಬೈಗುಳಗಳು ಹೆಣ್ಣೊಬ್ಬಳ ಮೇಲೆ ಸುರಿಯುವ ನಿಜವಾದ ಬೈಗುಳಗಳಂತೆಯೇ ಇವೆ.

ನೆದರ್‌ಲೆಂಡ್ಸ್‌ನಲ್ಲಿ ಮಾತಿಗೆ ಹಿಂಸೆ, ನಿಂದನೆಗಳೇ ಉತ್ತರವಾದ ಗಾಯ ಇನ್ನೂ ಹಸಿ. ಅಂಕಣಕಾರ, ಚಿತ್ರ ನಿರ್ದೇಶಕ ಥಿಯೋ ವಾನ್ ಗೋ ಅವರನ್ನು 2004ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಬೀದಿಯಲ್ಲೇ ಕೊಂದರು. ಅಲ್ಲಿನ ಡಿಸೆಂಬರ್ ಹಬ್ಬದಲ್ಲಿ ಮುಖಕ್ಕೆ ಕಪ್ಪು ಬಳಿದುಕೊಂಡು ಬರುವ ‘ಜ್ವಾರ್ಟೆ ಪೀಟ್’ ವೇಷ ವರ್ಷವರ್ಷವೂ ಜಗಳ ಎಬ್ಬಿಸುತ್ತಿತ್ತು. ಆ ವೇಷವನ್ನು ವಿರೋಧಿಸಿದ, ಸುರಿನಾಮ್ ಮೂಲದ ಟಿವಿ ನಿರೂಪಕಿ ಸಿಲ್ವಾನಾ ಸಿಮೊನ್ಸ್ ರಾಜಕೀಯಕ್ಕೂ ಬಂದಾಗ ಜನಾಂಗೀಯ ನಿಂದನೆಯ ಮಳೆಯೇ ಸುರಿಯಿತು. ಅವರು ಯಾರನ್ನೂ ಚಾವಣಿಯಿಂದ ನೂಕಲಿಲ್ಲ, ದೂರು ಕೊಟ್ಟರು. 2017ರಲ್ಲಿ ಆಮ್‌ಸ್ಟರ್‌ಡ್ಯಾಮ್ ನ್ಯಾಯಾಲಯ 20 ಮಂದಿಯನ್ನು ತಪ್ಪಿತಸ್ಥರೆಂದು ಹೇಳಿ ಸಮುದಾಯ ಸೇವೆ, ದಂಡ ವಿಧಿಸಿತು. 2021ರಲ್ಲಿ ಸಿಮೊನ್ಸ್ ಸಂಸತ್ತಿಗೂ ಆಯ್ಕೆಯಾದರು.

ಫೆಮ್ಕೆಯ ದೂರನ್ನು ಅಂದು ಠಾಣೆಯಲ್ಲಿ ಗಂಭೀರವಾಗಿ ತೆಗೆದುಕೊಂಡಿದ್ದರೆ ಈ ಸಿನಿಮಾಕ್ಕೆ ಕಥೆಯೇ ಇರುತ್ತಿರಲಿಲ್ಲ. ಹಾಗಾಗಿ ಬೈಸಿಕೊಂಡವರಿಗೆ ಹೇಳುವುದಿಷ್ಟು: ಕಾಮೆಂಟ್ ಅಳಿಸುವ ಮೊದಲು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ದೂರು ಕೊಡಿ. ದೂರು ಪಡೆಯುವವರು ‘ಓದಬೇಡಮ್ಮ, ಬಿಟ್ಟುಬಿಡು’ ಎಂದು ಕಳಿಸದೆ ಅದನ್ನು ಬರೆದುಕೊಳ್ಳಲಿ.