ಅತ್ತಿ ಎಲೆಯ ಗಂಟು ಮತ್ತು ಅದರೊಳಗಿನ ಹೇನು

2007ರಲ್ಲಿ ಬೃಹತ್ ಬೆಂಗಳೂರಿನೊಳಕ್ಕೆ ಸೇರಿದ ಮಹದೇವಪುರವು ಹಿಂದೆ ಕೆರೆ, ಗದ್ದೆ, ತೋಟಗಳ ಸೀಮೆಯಾಗಿದ್ದಿತು. ಇಂಥ ಸೀಮೆಗಳ ಕೆರೆಯಂಗಳದ ಅಂಚಿನಲ್ಲಿಯೂ ಹಳ್ಳದ ದಂಡೆಯಲ್ಲಿಯೂ ತೇವವನ್ನು ಆಶ್ರಯಿಸಿ ಬೆಳೆಯುವ ಮರಗಳಲ್ಲಿ ಅತ್ತಿಯು ಮುಖ್ಯವಾದದ್ದು. ಇದರ ಎಲೆಗಳ ಮೇಲೆ ಗುಂಡಾದ ಗಂಟುಗಳು ಎದ್ದಿರುವುದನ್ನು ಕಂಡು, ಈ ರೋಗವು ಪಕ್ಕದ ಪೈರಿಗೂ ಹರಡೀತೆಂಬ ಶಂಕೆಯಿಂದ ಮರವನ್ನು ಕಡಿಸತಕ್ಕದ್ದಲ್ಲ.

ಬಲಿತ ಗಂಟೊಂದನ್ನು ಚಾಕುವಿನಿಂದ ಸೀಳಿ ನೋಡಿದರೆ ಸಂಗತಿಯು ತಿಳಿಯುವುದು. ಒಳಗಿನ ಸಣ್ಣ ಕೋಣೆಯಲ್ಲಿ ಚಪ್ಪಟೆಯಾದ ಮರಿಹುಳುವೊಂದು ಇರುವುದು. ಇದು ಹಾರುವ ಸಸ್ಯಹೇನುಗಳ ಜಾತಿಗೆ ಸೇರಿದ್ದು. 1912ರಲ್ಲಿ ಕ್ರಾಫರ್ಡ್ ಎಂಬ ಕೀಟಶಾಸ್ತ್ರಜ್ಞನು ಇದನ್ನು ವರ್ಣಿಸಿ, ಪಾರೋಸಿಲ್ಲ ಡಿಪ್ರೆಸ್ಸ ಎಂದು ಹೆಸರಿಟ್ಟನು. ತಾಯಿಹೇನು ಎಳೆಯ ಎಲೆಯಲ್ಲಿ ಮೊಟ್ಟೆಯಿಡುವುದು. ಮರಿಯು ರಸವನ್ನು ಹೀರತೊಡಗಿದೊಡನೆ ಎಲೆಯ ಮಾಂಸವು ಅದರ ಸುತ್ತಲೂ ಉಬ್ಬಿ ಬೆಳೆದು ಅದನ್ನು ಮುಚ್ಚಿಕೊಳ್ಳುವುದು. ಹೀಗೆ ಮರವೇ ತನ್ನ ಶತ್ರುವಿಗೆ ಮನೆ ಕಟ್ಟಿಕೊಡುವುದು. ಮರಿಯು ಬಲಿತ ಮೇಲೆ ಗಂಟು ಬಿರಿದು, ರೆಕ್ಕೆಯುಳ್ಳ ಹೇನು ಹೊರಬೀಳುವುದು.

ಅತ್ತಿಯ ಹಣ್ಣಿನೊಳಗೆ ಕಾಣುವ ಹುಳುಗಳು ಇವಲ್ಲ. ಅವು ಅತ್ತಿಯ ಹೂವಿಗೆ ಪರಾಗವನ್ನು ಒಯ್ಯುವ ಚಿಕ್ಕ ಕಣಜಗಳೂ ಅವುಗಳ ಬಂಧುಗಳೂ ಆಗಿವೆ. ಅವಿಲ್ಲದೆ ಅತ್ತಿಗೆ ಬೀಜವೇ ಇಲ್ಲ.

ಈ ಹೇನು ಅತ್ತಿಯನ್ನು ಬಿಟ್ಟು ಭತ್ತ, ರಾಗಿ, ಮಾವುಗಳಿಗೆ ಹೋಗುವಂಥದಲ್ಲ. ಕರಾವಳಿ ಮೊದಲಾದೆಡೆಯ ಗದ್ದೆಗಳಲ್ಲಿ ಭತ್ತದ ಸುಳಿಯು ಈರುಳ್ಳಿಯ ಎಲೆಯಂತೆ ಬೆಳ್ಳಗಿನ ಕೊಳವೆಯಾಗಿ ತೆನೆಯೇ ಬಾರದೆ ಹೋಗುವುದಷ್ಟೆ. ಅದು ಸೊಳ್ಳೆಯಂಥ ಬೇರೊಂದು ನೊಣದ ಕೃತ್ಯ. ಫಸಲಿಗೆ ಭಯವೆಂದರೆ ಅದರದೇ. ಅತ್ತಿಯ ಗಂಟನ್ನು ಕಂಡು ಗಾಬರಿಗೊಂಡು ಗದ್ದೆಯ ಆ ಕೊಳವೆಯನ್ನು ಅಲಕ್ಷಿಸುವುದು ತಲೆಕೆಳಗಾದ ವ್ಯವಹಾರವೇ ಸರಿ.

ದೊಡ್ಡ ಮರಕ್ಕೆ ಔಷಧಿ ಸಿಂಪಡಿಸುವುದು ಹಣ ದಂಡ. ಮರಿಯು ಗಂಟಿನೊಳಗೆ ಭದ್ರವಾಗಿರುವುದರಿಂದ ಮೇಲೆ ಬಿದ್ದ ಔಷಧಿಯು ಅದನ್ನು ಮುಟ್ಟುವುದಿಲ್ಲ. ಇಂಥ ಹೇನುಗಳ ಮರಿಗಳನ್ನು ತಿಂದು ಬೆಳೆಯುವ ಸಣ್ಣ ಕಣಜಗಳು ಮಾತ್ರ ಸಾಯುವುವು. ಸಸಿಮಡಿಯಲ್ಲಿ ಅತ್ತಿಯ ಸಸಿಗಳನ್ನು ಬೆಳೆಸುವವರು ಗಂಟು ಬಿದ್ದ ಎಲೆಗಳನ್ನು, ಅವು ಬಿರಿಯುವುದಕ್ಕೆ ಮೊದಲೇ, ಕಿತ್ತು ಸುಟ್ಟುಬಿಡಬೇಕು. ಬಿರಿದ ಮೇಲೆ ಕಿತ್ತರೆ ಪ್ರಯೋಜನವಿಲ್ಲ.

ಹಿಂದಿನ ನಾಟಿವೈದ್ಯರು ಈ ಗಂಟುಗಳನ್ನು ಹಾಲಿನಲ್ಲಿ ನೆನೆಸಿ, ಜೇನು ಬೆರೆಸಿ, ಸಿಡುಬಿನ ಕಲೆ ನಿಲ್ಲದಿರಲೆಂದು ಕೊಡುತ್ತಿದ್ದರು. ಅದರ ಗುಣವೇನೇ ಇರಲಿ, 1980ರಲ್ಲಿ ಸಿಡುಬು ನಿರ್ಮೂಲವಾಯಿತೆಂದು ಸಾರಲ್ಪಟ್ಟಿತು.

ಗ್ರಾಮದ ಮುಖಂಡರಲ್ಲಿಗೆ ಅತ್ತಿಮರವನ್ನು ಕಡಿಯಬೇಕೆಂಬ ಮಾತು ಬಂದಾಗ ಮೊದಲು ಒಂದು ಎಲೆಯನ್ನು ತರಿಸಿ, ಗಂಟನ್ನು ಸೀಳಿಸಿ, ಕೇಳಿದವರ ಕಣ್ಣಿಗೇ ತೋರಿಸತಕ್ಕದ್ದು.