ಹೆಣ್ಣುಮಕ್ಕಳ ಲೆಕ್ಕ: ಸಂಖ್ಯೆಯೇ ಬೇರೆ, ಅನುಪಾತವೇ ಬೇರೆ

ದೇವಾಪುರ (ಯಾದಗಿರಿ ಜಿಲ್ಲೆ): ಅಂಗನವಾಡಿ ವಯಸ್ಸಿನ ಹೆಣ್ಣುಮಕ್ಕಳು ಹೆಚ್ಚುತ್ತಿದ್ದಾರೆಯೇ? ಈ ಪ್ರಶ್ನೆಗೆ ಜನಗಣತಿ ಎರಡು ಬಗೆಯ ಉತ್ತರ ನೀಡುತ್ತದೆ.

ರಾಜ್ಯದಲ್ಲಿ 0–6 ವಯೋಮಾನದ ಪ್ರತಿ ಸಾವಿರ ಗಂಡುಮಕ್ಕಳಿಗೆ 1991ರಲ್ಲಿ 960 ಹೆಣ್ಣುಮಕ್ಕಳಿದ್ದರು. 2001ರಲ್ಲಿ ಈ ಪ್ರಮಾಣ 946ಕ್ಕೆ ಕುಸಿದು, 2011ರಲ್ಲಿ 948ಕ್ಕೆ ಏರಿತು. ಆದರೆ ಅದೇ ದಶಕದಲ್ಲಿ ಈ ವಯಸ್ಸಿನ ಮಕ್ಕಳ ಒಟ್ಟು ಸಂಖ್ಯೆ 71.82 ಲಕ್ಷದಿಂದ 71.61 ಲಕ್ಷಕ್ಕೆ ಇಳಿಯಿತು. ಹೀಗಾಗಿ ಅನುಪಾತ ಸುಧಾರಿಸಿದರೂ ಹೆಣ್ಣುಮಕ್ಕಳ ಸಂಖ್ಯೆ ಹೆಚ್ಚಲಿಲ್ಲ.

ಸಹಜವಾಗಿ ಸಾವಿರ ಗಂಡುಶಿಶುಗಳಿಗೆ ಸುಮಾರು 950 ಹೆಣ್ಣುಶಿಶುಗಳು ಜನಿಸುತ್ತವೆ. ಅನುಪಾತ ಇದಕ್ಕಿಂತ ಬಹಳ ಕುಸಿದರೆ ಭ್ರೂಣಲಿಂಗ ಪತ್ತೆ ಅಥವಾ ಆರೈಕೆಯಲ್ಲಿನ ತಾರತಮ್ಯದ ಶಂಕೆ ಮೂಡುತ್ತದೆ. ಭ್ರೂಣಲಿಂಗ ಪತ್ತೆಯನ್ನು 1994ರ ಕಾಯ್ದೆ ನಿಷೇಧಿಸಿದೆ.

ಹೆಣ್ಣುಮಗು ಹುಟ್ಟಿ ಬದುಕಿದರಷ್ಟೇ ಸಾಲದು. 2011ರಲ್ಲಿ ರಾಜ್ಯದ ಮಹಿಳಾ ಸಾಕ್ಷರತೆ ಶೇ 68ರಷ್ಟಿದ್ದರೆ, ಯಾದಗಿರಿ ಜಿಲ್ಲೆಯಲ್ಲಿ ಶೇ 41ರಷ್ಟು ಮಾತ್ರ ಇತ್ತು. ಅಂದಿನ ಪುಟಾಣಿಗಳು ಇಂದು ಪ್ರೌಢಶಾಲೆ, ಕಾಲೇಜಿನ ವಯಸ್ಸಿಗೆ ಬಂದಿದ್ದಾರೆ. ಅವರಲ್ಲಿ ಎಷ್ಟು ಮಂದಿ ಅಕ್ಷರ ಕಲಿತರು ಎಂಬುದನ್ನು 2027ರ ಜನಗಣತಿ ತಿಳಿಸಬೇಕಿದೆ.