ಬ್ಯಾಂಕಿನ ವಿಳಾಸ ಸರಿಯಿತ್ತು, ದಾರಿ ತಪ್ಪಿತ್ತು

ಮಾರ್ಚ್ ಕೊನೆ, ಟ್ಯಾಕ್ಸ್ ಸೀಸನ್ನಿನ ಗಡಿಬಿಡಿ. ನ್ಯೂಜೆರ್ಸಿಯಲ್ಲಿ ಎರಡು ಕೋಣೆಯ ಟ್ಯಾಕ್ಸ್ ಆಫೀಸು ನಡೆಸುವ ಗೆಳೆಯನ ಫೋನ್ ಬಂತು. "ಮಾರಾಯ, ಊರಿನ ಬ್ಯಾಂಕಿನ ಸೈಟು ತೆಗೆದ್ರೆ ಬ್ರೌಸರ್ ಏನೋ ಎಚ್ಚರಿಕೆ ತೋರಿಸ್ತಿದೆ. ಪರವಾಗಿಲ್ಲ ಅಂತ ಒತ್ತಿ ಮುಂದೆ ಹೋಗ್ಲಾ?" ಅಪ್ಪನ ಆಸ್ಪತ್ರೆ ಖರ್ಚಿಗೆ ಎನ್‌ಆರ್‌ಇ ಖಾತೆಯಿಂದ ಅವತ್ತೇ ದುಡ್ಡು ಹೋಗಬೇಕಿತ್ತು.

ಒತ್ತಬೇಡ ಅಂದೆ. ನನಗೆ ನೆನಪಾದದ್ದು 2018ರ ಏಪ್ರಿಲ್ 24. ಅಂದು ಮೈಈಥರ್‌ವಾಲೆಟ್ ಸೈಟಿಗೆ ಹೊರಟವರನ್ನು ಸುಮಾರು ಎರಡು ಗಂಟೆ ಕಾಲ ನಕಲಿ ಸೈಟಿಗೆ ತಿರುಗಿಸಲಾಗಿತ್ತು. ಅವರು ಟೈಪ್ ಮಾಡಿದ ವಿಳಾಸದಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಬ್ರೌಸರು ಸರ್ಟಿಫಿಕೇಟ್ ಸರಿಯಿಲ್ಲ ಎಂದು ಹೇಳಿತ್ತು. ಅದನ್ನು ದಾಟಿ ಲಾಗಿನ್ ಆದವರು ಹಣ ಕಳೆದುಕೊಂಡರು. ಹೋದದ್ದು ಸುಮಾರು 1,50,000 ಡಾಲರ್ ಮೌಲ್ಯದ ಈಥರ್.

ಮೊದಲು ಅವನಿಗೆ ಮೊಬೈಲಿನ ವೈಫೈ ಆರಿಸಿ, ಮೊಬೈಲ್ ಡೇಟಾದಲ್ಲಿ ಅದೇ ಸೈಟು ತೆಗೆಯಲು ಹೇಳಿದೆ. ಸಲೀಸಾಗಿ ತೆರೆಯಿತು. ಅಂದರೆ ಬ್ಯಾಂಕಿನ ಕಡೆ ತಕರಾರಿಲ್ಲ. ದುಡ್ಡನ್ನು ಹಾಗೆಯೇ ಕಳಿಸಿಬಿಡು ಅಂದೆ, ಕಳಿಸಿದ. ಆಮೇಲೆ ಸಹಾಯಕಿಯ ಲ್ಯಾಪ್‌ಟಾಪು, ಆಫೀಸಿನ ಐಪ್ಯಾಡು ನೋಡಿದರೆ ಎರಡರಲ್ಲೂ ಅದೇ ಎಚ್ಚರಿಕೆ. ಒಂದೇ ಯಂತ್ರದಲ್ಲಿ ಹೀಗಾದರೆ ಬ್ರೌಸರ್ ಎಕ್ಸ್‌ಟೆನ್ಶನ್ನೋ ವೈರಸ್ಸೋ ಅನ್ನಬಹುದು. ಮೂರರಲ್ಲೂ ಆದರೆ ಗುಮಾನಿ ಹೋಗಬೇಕಾದದ್ದು ಮೂರಕ್ಕೂ ಒಂದೇ ಬಾಗಿಲಾದ ರೌಟರಿನ ಮೇಲೆ.

ಸೈಟಿನ ಹೆಸರನ್ನು ಅಂಕಿಯ ವಿಳಾಸವಾಗಿ ಬದಲಿಸಿಕೊಡುವ ವ್ಯವಸ್ಥೆಯೇ ಡಿಎನ್‌ಎಸ್. ಊರಿಗೆ ಹೊಸಬರು ಬಸ್‌ಸ್ಟ್ಯಾಂಡಿನಲ್ಲಿ ದಾರಿ ಕೇಳಿದ ಹಾಗೆ. ಹೇಳುವವನೇ ಕಳ್ಳನಾದರೆ ಮುಗಿಯಿತು. ಕಮಾಂಡ್ ಪ್ರಾಂಪ್ಟಿನಲ್ಲಿ ಎನ್‌ಎಸ್‌ಲುಕಪ್ ಎಂದು ಬರೆದು ಸೈಟಿನ ಹೆಸರು ಕೊಟ್ಟರೆ ಸಿಕ್ಕ ವಿಳಾಸ ಕಾಣುತ್ತದೆ. ಕೊನೆಗೆ 9.9.9.9 ಎಂದು ಸೇರಿಸಿದರೆ ಅದೇ ಪ್ರಶ್ನೆ ಕ್ವಾಡ್9 ಸರ್ವರಿಗೆ ಹೋಗುತ್ತದೆ. ಎರಡೂ ಉತ್ತರ ಬೇರೆ ಬಂದವು. ಇಷ್ಟಕ್ಕೇ ತೀರ್ಪು ಕೊಡಬಾರದು, ದೊಡ್ಡ ಸೈಟುಗಳು ಸಹಜವಾಗಿಯೇ ಬೇರೆ ಬೇರೆ ಅಂಕಿ ಕೊಡುತ್ತವೆ. ಆದರೆ ಎಚ್ಚರಿಕೆಯ ಪುಟದಲ್ಲಿ ಸರ್ಟಿಫಿಕೇಟ್ ತೆರೆದು ನೋಡಿದಾಗ ಬ್ಯಾಂಕಿನ ಹೆಸರೇ ಅದರಲ್ಲಿರಲಿಲ್ಲ.

ರೌಟರಿನ ಸೆಟ್ಟಿಂಗ್ ಪುಟದಲ್ಲಿ ಉತ್ತರ ಸಿಕ್ಕಿತು. ಡಿಎನ್‌ಎಸ್ ಜಾಗದಲ್ಲಿ ಆಟೋಮ್ಯಾಟಿಕ್ ಎಂದಿರಬೇಕಿತ್ತು. ಬದಲಿಗೆ ಯಾರೋ ತುಂಬಿದ ಎರಡು ವಿಳಾಸಗಳಿದ್ದವು. ಇಂಟರ್ನೆಟ್ ಕಂಪನಿಯವೂ ಅಲ್ಲ, ಇವನು ಹಾಕಿದ್ದೂ ಅಲ್ಲ. ಹೊರಗಿನಿಂದ ರೌಟರನ್ನು ನಿಭಾಯಿಸುವ ರಿಮೋಟ್ ಮ್ಯಾನೇಜ್‌ಮೆಂಟ್ ಆನ್ ಇತ್ತು. "ಪಾಸ್‌ವರ್ಡ್ ಬದಲಾಯಿಸಿದ್ದೆನಲ್ಲ!" ಅಂದ. ಅವನು ಬದಲಾಯಿಸಿದ್ದು ವೈಫೈ ಪಾಸ್‌ವರ್ಡ್. ರೌಟರಿನ ಅಡ್ಮಿನ್ ಪಾಸ್‌ವರ್ಡ್ ಖರೀದಿಸಿದ ದಿನದ್ದೇ. ಇವೆರಡೂ ಒಂದೇ ಎಂದುಕೊಂಡವರು ನಮ್ಮಲ್ಲಿ ಬಹಳ ಜನ. ನಾನೂ ಹಾಗೇ ಇದ್ದೆ.

ಈ ವ್ಯಾಪಾರ ಹೊಸದಲ್ಲ. ಡಿಎನ್‌ಎಸ್‌ಚೇಂಜರ್ ಎಂಬ ಮಾಲ್‌ವೇರ್ ನೂರಕ್ಕೂ ಹೆಚ್ಚು ದೇಶಗಳ ಸುಮಾರು 40 ಲಕ್ಷ ಕಂಪ್ಯೂಟರುಗಳನ್ನು ಹೀಗೆ ತಿರುಗಿಸಿತ್ತು. 2011ರ ನವೆಂಬರಿನಲ್ಲಿ ಎಫ್‌ಬಿಐ ಆ ಗುಂಪನ್ನು ಹಿಡಿದಾಗ ಅವರ ಜಾಹೀರಾತು ಗಳಿಕೆ ಕನಿಷ್ಠ 1.4 ಕೋಟಿ ಡಾಲರ್ ಎಂದು ಲೆಕ್ಕ ಸಿಕ್ಕಿತು.

ಸೆಟ್ಟಿಂಗಿನ ಫೋಟೋ ತೆಗೆದಿಟ್ಟುಕೊಂಡೆವು, ಆಮೇಲೆ ಬೇಕಾಗುತ್ತದೆ. ಅದು ಏಳು ವರ್ಷದ ರೌಟರು, ತಯಾರಕರು ಅಪ್‌ಡೇಟ್ ಕೊಡುವುದನ್ನೂ ನಿಲ್ಲಿಸಿದ್ದರು. ರೀಸೆಟ್ ಮಾಡುವ ಬದಲು ಹೊಸದು ತಗೋ ಅಂದೆ. ಪ್ರತಿ ವರ್ಷ ಸಾವಿರಾರು ಡಾಲರ್ ಸಾಫ್ಟ್‌ವೇರಿಗೆ ಕೊಡುವವನು ನೂರೈವತ್ತು ಡಾಲರಿಗೆ ಚೌಕಾಸಿ ಮಾಡಿದ! ಹೊಸದರಲ್ಲಿ ಅಡ್ಮಿನ್ ಪಾಸ್‌ವರ್ಡ್ ಬೇರೆ, ರಿಮೋಟ್ ಬಂದ್, ಬರುವ ಗಿರಾಕಿಗಳಿಗೆ ಗೆಸ್ಟ್ ವೈಫೈ ಪ್ರತ್ಯೇಕ. ಇಮೇಲು, ಬ್ಯಾಂಕುಗಳ ಪಾಸ್‌ವರ್ಡುಗಳನ್ನು ಮೊಬೈಲ್ ಡೇಟಾದಲ್ಲೇ ಬದಲಾಯಿಸಿದ.

ಅಮೆರಿಕದಲ್ಲಿ ತೆರಿಗೆ ರಿಟರ್ನ್ ತಯಾರಿಸುವವರು ಎಫ್‌ಟಿಸಿಯ ಸೇಫ್‌ಗಾರ್ಡ್ಸ್ ನಿಯಮದಂತೆ ಲಿಖಿತ ಭದ್ರತಾ ಯೋಜನೆ ಇಟ್ಟಿರಬೇಕು. ಅವನ ಹತ್ತಿರ ಇತ್ತು, ಯಾವುದೋ ಮಾದರಿಯ ನಕಲು. ರೌಟರಿನ ಸುದ್ದಿಯೇ ಅದರಲ್ಲಿಲ್ಲ. ಆ ಎರಡು ವಿಳಾಸಗಳು ಎಂದಿನಿಂದ ಅಲ್ಲಿದ್ದವು ಎಂಬುದಕ್ಕೂ ಉತ್ತರ ಸಿಗಲಿಲ್ಲ. ಕರೆಂಟು ಹೋಗಿ ಬಂದಾಗ ಹಳೆಯ ಲಾಗ್ ಅಳಿಸಿಹೋಗಿತ್ತು. ಆ ಸೀಸನ್ನಿನಲ್ಲಿ ಆಫೀಸಿಗೆ ಬಂದು ಅದೇ ವೈಫೈಯಲ್ಲಿ ಲಾಗಿನ್ ಆಗಿದ್ದ ಗಿರಾಕಿಗಳ ಪಟ್ಟಿ ಮಾಡಿಕೊಂಡು, ಶನಿವಾರ ಇಡೀ ದಿನ ಒಬ್ಬೊಬ್ಬರಿಗೇ ಫೋನ್ ಮಾಡಿ ಹೇಳಿದ.